ಎದುರಿಗೆ ಬಂದವಳು

ಸ್ಕಾರ್‌ಹೇವನ್, ಸ್ಕಾಟ್ಲಂಡ್
ತಾ. ೨೭ ಫೆಬ್ರುವರಿ ೧೯೫೫, ರವಿವಾರ

ತೀರ್ಥರೂಪ ಅಪ್ಪಾ,

ಬಗ್ಗಿ ಕಾಲು ಮುಟ್ಟುವ ಸ್ಥಿತಿಯಲ್ಲಿ ಈಗ ನಾನಿಲ್ಲ. ಕುರ್ಚಿಯಲ್ಲಿ ಕುಳಿತೇ ಮಾಡಿದ ನಮಸ್ಕಾರವನ್ನು ಒಪ್ಪಿಕೊಳ್ಳಿ. ನಿಮ್ಮ ಉಬ್ಬಸ ಹೇಗಿದೆ? ಥಂಡಿ ಕಡಿಮೆಯಾಗುವ ತನಕ ನಸುಕಿನ ತಣ್ಣೀರ ಸ್ನಾನ ಬಿಡಬೇಕೆಂದು ನಿಮ್ಮ ಅಳಿಯಂದಿರು ಮತ್ತೆ ಹೇಳಿದ್ದಾರೆ. ಡಾಕ್ಟರ ಮಾತನ್ನು ಅಳಿಯನ ಮಾತೆಂದು ತಳ್ಳಿಹಾಕಬೇಡಿ. ಕೋರ್ಟಿನಲ್ಲಿ ನಿಂತು ವಾದ ಮಾಡುವಾಗ ದಮ್ಮು ಹತ್ತುತ್ತದೆ ಎಂದು ಬರೆದಿದ್ದಿರಿ. ಸಣ್ಣ ಖಟ್ಲೆಗಳನ್ನು ಜೂನಿಯರ್ ವಕೀಲರಿಗೆ ಬಿಟ್ಟರೆ ಆಕಾಶ ಬೀಳುವುದಿಲ್ಲ. ಬಾದಾಮಿಯ ಅನಸೂಯಾಬಾಯಿ ಅತ್ತೆಯ ಮೊಣಕಾಲಿಗೆ ಇಲ್ಲಿಂದ ಕಳಿಸಿದ ಮುಲಾಮು ತಲುಪಿತೇ? ಜಾನಕಕ್ಕ ಹೇಗಿದ್ದಾಳೆ? ನನ್ನ ಆರೋಗ್ಯ ಚೆನ್ನಾಗಿದೆ. ಕೂಸು ಒದೆಯಲು ಸುರು ಮಾಡಿದೆ. ವಕೀಲರ ಮೊಮ್ಮಗು, ಸುಮ್ಮನಿರುವ ಜಾತಿಯಲ್ಲ.

ನಿಮ್ಮ ಕಾಗದ ಬಂದು ತಿಂಗಳಾಯಿತು. ಮಾರ್ಚಿನಲ್ಲಿ ಹಡಗು ಹತ್ತು, ಚೈತ್ರದಲ್ಲಿ ಕುಬಸ ಮಾಡುತ್ತೇವೆ, ಇಲಕಲ್ಲಿಗೆ ಹೋಗಿ ಹಸಿರು ಸೀರೆ ತಂದಿಟ್ಟಿದ್ದೇನೆ, ಬಾಣಂತನಕ್ಕೆ ಅತ್ತೆ ಬಾದಾಮಿಯಿಂದ ಬರುತ್ತಾಳೆ ಎಂದೆಲ್ಲ ಬರೆದಿರಿ. ಓದುತ್ತ ಕಣ್ಣು ತುಂಬಿತು. ಅದರ ಕೆಳಗೆ ಇನ್ನೊಂದು ಮಾತಿತ್ತು. ಬಾಣಂತನ ಮುಗಿಯುವ ತನಕ ಜಾನಕಿಯನ್ನು ಹುನಗುಂದದ ಕಾಕಾನ ಮನೆಗೆ ಕಳಿಸುತ್ತೇನೆ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು. ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು, ಕುಂಕುಮ ಅಳಿಸಿಕೊಂಡು, ತಿರುಗಿ ನಮ್ಮ ಮನೆಗೇ ಬಂದ ಅಕ್ಕನ ನೆರಳು ಬಸುರಿಯ ಮೇಲೆ ಬೀಳಬಾರದೆಂದು ನಿಮ್ಮ ಎಚ್ಚರಿಕೆ. ಅವ್ವ ಹೋದ ಮೇಲೆ ನಾನು ಬೆಳೆದದ್ದೇ ಆ ನೆರಳಿನಲ್ಲಿ, ಅಪ್ಪಾ. ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಕುಳಿತ ಮರುದಿನವೇ ಇಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಮೊದಲು ಹೇಳುತ್ತೇನೆ.

ಹಿಂದಿನ ಕಾಗದಗಳಲ್ಲಿ ಸಮುದ್ರ ಭಾಳ ಚೆಂದ, ಗಾಳಿ ಭಾಳ ಶುದ್ಧ ಎಂದು ಬರೆಯುತ್ತಿದ್ದೆ. ನಿಮಗೆ ಚಿಂತೆ ಹತ್ತಬಾರದೆಂದು ಬರೆದ ಮಾತುಗಳು ಅವು. ಖರೆ ಹೇಳಬೇಕೆಂದರೆ ಈ ಊರು ನಾರುತ್ತದೆ. ಬಂದರಿನ ನೀರು ನಾರುತ್ತದೆ, ಗಟಾರು ನಾರುತ್ತದೆ, ಒಣಹಾಕಿದ ಬಟ್ಟೆ ನಾರುತ್ತದೆ. ಅಂಗಡಿಯಿಂದ ತಂದ ಬೆಣ್ಣೆಗೂ ಬ್ರೆಡ್ಡಿಗೂ ಮೀನಿನ ವಾಸನೆ. ಸೀಳಿದ ಮೀನುಗಳನ್ನು ಬೇಲಿಗೆ, ಗೋಡೆಗೆ, ಎಲ್ಲಿ ಬೇಕೆಂದರಲ್ಲಿ ಒಣಗಲು ತೂಗುಹಾಕುತ್ತಾರೆ. ಇನ್ನು ಕೆಲವನ್ನು ಕಟ್ಟಿಗೆಯ ಹೊಟ್ಟಿನ ಹೊಗೆಯಲ್ಲಿ ಇಡುತ್ತಾರೆ. ಆ ಹೊಗೆ ಜಡೆಗೆ ಹತ್ತಿದರೆ ಶೀಗೆಕಾಯಿಗೂ ಹೋಗುವುದಿಲ್ಲ. ಮೀನಿನ ತಲೆ, ಕರುಳು ಬಂದರಿನ ಮೆಟ್ಟಿಲ ಮೇಲೆ ಬಿದ್ದಿರುತ್ತವೆ. ಅವುಗಳಿಗಾಗಿ ದೊಡ್ಡ ಬಿಳಿ ಹಕ್ಕಿಗಳು ಹಾದಿಯಲ್ಲೇ ಕಿತ್ತಾಡುತ್ತವೆ, ನಮ್ಮ ಮೇಲೆಯೇ ಹೇತು ಹೋಗುತ್ತವೆ. ಘಟಪ್ರಭೆಯ ಮೀನಿನ ಬುಟ್ಟಿ ಹೊತ್ತು ಕಾಸಿಂಬಿ ಬಾಗಲಕೋಟೆಯ ನಮ್ಮ ಓಣಿಯ ತುದಿಯಲ್ಲಿ ಹಾಯ್ದರೆ, ನಮ್ಮಲ್ಲಿಗೆ ಬಂದ ಅತ್ತೆ ಧಡಧಡ ಕಿಟಕಿ ಹಾಕುತ್ತಿದ್ದಳು. ಇಲ್ಲಿ ನಾನು ಎಷ್ಟು ಕಿಟಕಿ ಹಾಕಲಿ?

ಪಕ್ಕದ ಮನೆ ಜೆಸ್ಸಿಯದು. ಅವಳ ಗಂಡ ಅಲೆಕ್ ಒಂದು ದೋಣಿಯ ಯಜಮಾನ. ಅವಳ ಶೆಡ್ಡು ನಮ್ಮ ಅಡಿಗೆಮನೆಯ ಕಿಟಕಿಗೆ ಎದುರಾಗಿಯೇ ಇದೆ. ಈ ಊರಿನವರು ಬಲೆ ಬೀಸುವುದು ಕಡಿಮೆ. ಮೈಲುಗಟ್ಟಲೆ ಹಗ್ಗಕ್ಕೆ ಮೊಳಕ್ಕೊಂದರಂತೆ ಗಾಳ ಕಟ್ಟಿ ಸಮುದ್ರಕ್ಕೆ ಬಿಡುತ್ತಾರೆ. ಅಷ್ಟೂ ಗಾಳಗಳಿಗೆ ಆಮಿಷ ಸಿಕ್ಕಿಸುವ ಕೆಲಸ ಹೆಂಗಸರದು. ಬೆಳಗಿನಿಂದ ಸಂಜೆಯ ತನಕ ಜೆಸ್ಸಿ ಕರಿ ಚಿಪ್ಪುಗಳನ್ನು ಚಾಕುವಿನಿಂದ ಬಿಡಿಸುತ್ತಾಳೆ. ಒಳಗಿರುವುದು ನೆಗಡಿಯಾದವರ ಮೂಗಿನಿಂದ ಬಂದಂಥ ಲೋಳೆ. ಅದನ್ನು ಬೆರಳಿನಿಂದ ಎತ್ತಿ ಗಾಳಕ್ಕೆ ಚುಚ್ಚಿ, ಹಗ್ಗವನ್ನು ಬುಟ್ಟಿಯಲ್ಲಿ ಸುರುಳಿ ಸುತ್ತಿಡುತ್ತಾಳೆ. ಕೈಯೆಲ್ಲ ಗಾಯ, ಗಾಯದೊಳಗೆ ಉಪ್ಪುನೀರು. ಬಸುರಿನ ಮೊದಲ ತಿಂಗಳುಗಳಲ್ಲಿ ಆ ವಾಸನೆಗೆ ನಾನು ಅನ್ನ ಕಂಡದ್ದೇ ಕಡಿಮೆ. ನಾನು ಇಂಗಿನ ಒಗ್ಗರಣೆ ಹಾಕಿದಾಗ ಜೆಸ್ಸಿಯೂ ಮೂಗು ಮುಚ್ಚಿಕೊಳ್ಳುತ್ತಾಳೆ ಎಂಬುದನ್ನು ಮಾತ್ರ ನ್ಯಾಯಕ್ಕಾಗಿ ಹೇಳಬೇಕು. ಇಲ್ಲಿಯವರ ಇಂಗ್ಲಿಷು ನಾವು ಸಾಲಿಯಲ್ಲಿ ಕಲಿತದ್ದಲ್ಲ. ಅದನ್ನು ನಮ್ಮ ಊರಿನ ಮಾತಿನಲ್ಲಿ ಬರೆದರೇ ಸರಿಯಾಗಿ ಕೇಳಿಸುತ್ತದೆ, ಆದ್ದರಿಂದ ಹಾಗೇ ಬರೆಯುತ್ತೇನೆ.

ಜನವರಿಯ ಕೊನೆಯ ವಾರ ಒಂದು ದಿನ ಬಸುರಿನ ಸಂಕಟಕ್ಕೆ ಬೇಗ ಎಚ್ಚರವಾಯಿತು. ಇಲ್ಲಿ ಚಳಿಗಾಲದಲ್ಲಿ ಸೂರ್ಯ ಬರುವುದೇ ತಡ, ಇನ್ನೂ ಮಬ್ಬುಗತ್ತಲೆ. ಗಾಳಿಗೆ ಹೋದರೆ ಹಗುರಾದೀತೆಂದು ಹಾಲಿನ ಪಾತ್ರೆ ಹಿಡಿದು ಹೊರಬಿದ್ದೆ. ಎರಡು ಮನೆಗಳ ಗೋಡೆಗಳ ನಡುವಿನ ಇಕ್ಕಟ್ಟು ಹಾದಿಯಲ್ಲಿ ಅಲೆಕ್ ಎದುರಾದ. ಹೆಗಲ ಮೇಲೆ ಗಾಳದ ಬುಟ್ಟಿ, ಹಿಂದೆ ಅವನ ದೋಣಿಯ ಇಬ್ಬರು ಆಳುಗಳು. ನಾನು ಅವರ ಪದ್ಧತಿಯಂತೆ ‘ಗುಡ್ ಮಾರ್ನಿಂಗ್’ ಎಂದೆ. ಅವನು ಹಾವು ಕಂಡವನಂತೆ ನಿಂತ. ಕಣ್ಣು ಕೆಳಗೆ ಹಾಕಿ, ಪಕ್ಕದ ಗೇಟಿನ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡ. “ಆತು, ಇವತ್ತಿಂದು ಮುಗೀತು,” ಎಂದು ಹಿಂದಿನವರಿಗೆ ಹೇಳಿ, ನೆಲಕ್ಕೆ ಉಗುಳಿ, ಬುಟ್ಟಿ ಹೊತ್ತುಕೊಂಡೇ ಮನೆಗೆ ತಿರುಗಿ ಹೋದ. ಆಳುಗಳೂ ಹೋದರು. ನಾನು ಖಾಲಿ ಪಾತ್ರೆ ಹಿಡಿದುಕೊಂಡು ಅಲ್ಲೇ ಇದ್ದೆ. ಅವನ ಉಗುಳು ನನ್ನ ಬೂಟಿನ ಹತ್ತಿರ ಬಿದ್ದಿತ್ತು.

ಆಮೇಲೆ ಜೆಸ್ಸಿ ಬಂದಳು. ಪಾಪ, ಕೆಟ್ಟವಳಲ್ಲ. “ಬ್ಯಾಸರಾ ಮಾಡ್ಕೋಬ್ಯಾಡ್ರಿ ಬಾಯಾರ. ದೋಣಿಗೆ ಹೊಂಟಾಗ ಹೆಂಗಸು ಎದುರಿಗಿ ಬಂದ್ರ ಕೆಡಕಂತ. ಕಬ್ಬಿಣಾ ಮುಟ್ಟಿದ್ರ ಅದು ತಟ್ಟೂದಿಲ್ಲಂತ. ಅದರಾಗ ನೀವು ಪರದೇಶದವ್ರು. ದೋಣಿ ಹೋಗೂ ತನಕ ಒಳಗಽ ಇರ್ರಿ, ನಾವೂ ಹಂಗಽ ಇರ್ತೇವಿ,” ಎಂದಳು. ಅವಳ ಬೆರಳಿನ ಸಂದಿಯಲ್ಲಿ ಇನ್ನೂ ಆ ಚಿಪ್ಪಿನ ಲೋಳೆ ಇತ್ತು. ಅಷ್ಟೂ ಗಾಳಗಳಿಗೆ ಆಮಿಷ ಚುಚ್ಚಿದ ಕೈ ಅದು. ಕೈ ಬೇಕು, ಮುಖ ಕೆಡಕು. ಅವಳು ಹೋದ ಮೇಲೆ ನಾನು ವಾಂತಿ ಮಾಡಿಕೊಂಡೆ. ಅದು ಮೀನಿನ ವಾಸನೆಗಲ್ಲ.

ಆ ದಿನ ನನ್ನ ಕಣ್ಣ ಮುಂದೆ ಬಂದವರು ನೀವು, ಅಪ್ಪಾ. ಕರಿ ಕೋಟು ಹಾಕಿಕೊಂಡು, ರುಮಾಲು ಸುತ್ತಿಕೊಂಡು, ಕೋರ್ಟಿಗೆ ಹೊರಡುವಾಗ ಅಕ್ಕ ತಪ್ಪಿ ಪಡಸಾಲೆಗೆ ಬಂದರೆ ನೀವು ಹೊಸ್ತಿಲಿನಿಂದಲೇ ತಿರುಗುತ್ತಿದ್ದಿರಿ. ಕುಳಿತು ನೀರು ಕುಡಿದು ಮತ್ತೆ ಹೊರಡುತ್ತಿದ್ದಿರಿ. “ಏ ಜಾನಕೀ, ನಾ ಹೋಗೂ ಹೊತ್ತಿನ್ಯಾಗ ಇಲ್ಲೇನು ಕೆಲಸ ನಿಂದು?” ಎಂದು ಒಂದೇ ಮಾತು ಅನ್ನುತ್ತಿದ್ದಿರಿ, ಜೋರಾಗಿಯೂ ಅಲ್ಲ. ಆಮೇಲೆ ಅಕ್ಕ ನಿಮ್ಮ ಚಪ್ಪಲಿಯ ಸಪ್ಪಳ ಕಲಿತುಕೊಂಡಳು. ಸಪ್ಪಳ ಕೇಳಿದ ಕೂಡಲೇ ಕೈಯಲ್ಲಿ ಏನಿದ್ದರೂ ಅಲ್ಲೇ ಇಟ್ಟು ಬಚ್ಚಲಿಗೆ ಸರಿದು ನಿಲ್ಲುತ್ತಿದ್ದಳು. ನಿಮ್ಮ ಕೋಟಿನ ಗುಂಡಿ ಹೊಲಿದವಳು ಅವಳೇ, ರುಮಾಲಿಗೆ ಗಂಜಿ ಹಾಕಿದವಳು ಅವಳೇ, ನೀವು ಉಂಡ ಅನ್ನ ಮಾಡಿದವಳೂ ಅವಳೇ. ಅಕ್ಕ ಒದ್ದೆ ನೆಲದ ಮೇಲೆ ನಿಂತು ಏನು ಯೋಚಿಸುತ್ತಿದ್ದಳೋ ನನಗೆ ಗೊತ್ತಿರಲಿಲ್ಲ. ನನ್ನ ಬೂಟಿನ ಹತ್ತಿರ ಒಬ್ಬ ಉಗುಳಿದ ಮೇಲೆ ಸ್ವಲ್ಪ ಗೊತ್ತಾಯಿತು.

ನಾನು ಹೊರಬೀಳುವ ಮೊದಲೇ ಆ ದಿನ ಎರಡು ದೋಣಿ ಹೋಗಿಬಿಟ್ಟಿದ್ದವು. ಮಧ್ಯಾಹ್ನ ಗಾಳಿ ಎದ್ದಿತು. ನಮ್ಮ ಕಡೆ ಧೂಳೆಬ್ಬಿಸಿ ಹೋಗುವ ಬಿರುಗಾಳಿಯ ಹಾಗಲ್ಲ ಅದು. ನಿಂತಲ್ಲೇ ನಿಂತು ಗೋಡೆಯನ್ನು ತಳ್ಳುತ್ತದೆ. ಹೆಂಗಸರೆಲ್ಲ ಬಂದರಿನ ಕಲ್ಲಿನ ಕಟ್ಟೆಗೆ ಹೋದರು. ಆಗ ಯಾರೂ ಅವರನ್ನು ಒಳಗಿರಿ ಎನ್ನಲಿಲ್ಲ. ಯಾರೂ ಅಳಲೂ ಇಲ್ಲ. ಒಂದು ದೋಣಿ ಅರ್ಧ ನೀರು ತುಂಬಿಕೊಂಡು ತಿರುಗಿ ಬಂತು. ಇನ್ನೊಂದು ಬರಲಿಲ್ಲ. ಅದರಲ್ಲಿ ಜೇಮಿ ಎಂಬವನಿದ್ದ, ಅವನ ತಂದೆ ಇದ್ದ, ತಮ್ಮನಿದ್ದ. ಒಂದೇ ಮನೆಯ ಮೂವರು. ಕೆಲವು ದಿನಗಳ ಮೇಲೆ ಜೇಮಿಯ ಹೆಣ ಮಾತ್ರ ಮರಳಿಗೆ ಬಂದು ಬಿತ್ತು. ನೋಡಲು ನಿಮ್ಮ ಅಳಿಯಂದಿರನ್ನು ಕರೆದೊಯ್ದರು. ಮನೆಗೆ ಬಂದು ಕೈ ತೊಳೆದೇ ತೊಳೆದರು, ಆ ದಿನ ಊಟ ಮಾಡಲಿಲ್ಲ. ಮೀನು ತಿನ್ನುವ ಊರಿನಲ್ಲಿ ಮೀನು ಏನು ತಿನ್ನುತ್ತದೆ ಎಂಬುದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದಿನದನ್ನು ಬರೆಯಲು ಇನ್ನೂ ಹೇಸಿಗೆಯಾಗುತ್ತದೆ. ಆ ಬಿರುಗಾಳಿಯ ಮರುದಿನ ಬಾಗಿಲು ತೆರೆದರೆ ಹಿಡಿಕೆಗೆ ಮೀನು. ಕಿವಿರಿನೊಳಗೆ ಹುರಿ ಪೋಣಿಸಿ ಕಟ್ಟಿದ ನಾಲ್ಕಾರು ದೊಡ್ಡ ಮೀನುಗಳು, ಕಣ್ಣು ತೆರೆದುಕೊಂಡು ನನ್ನನ್ನೇ ನೋಡುತ್ತ ತೂಗಾಡುತ್ತಿದ್ದವು. ಅಲೆಕ್ ಕಟ್ಟಿಹೋಗಿದ್ದ. ನಾನು ಎದುರು ಬಂದುದರಿಂದಲೇ ಅವನು ಉಳಿದನಂತೆ. ಜೆಸ್ಸಿ ಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಮೀನಿನ ಹುರುಪೆ ನನ್ನ ಬೆರಳಿಗೆ ಅಂಟಿತು. “ನೀವಽ ನನ್ನ ಮನಿ ಉಳಿಸಿದ್ರಿ,” ಎಂದಳು. ಆ ವಾರವೆಲ್ಲ ಒಬ್ಬರಲ್ಲ ಒಬ್ಬರು ತಂದು ಕಟ್ಟಿದರು. ಹಸಿಯದು, ಒಣಗಿದ್ದು, ಹೊಗೆ ಹಾಕಿದ್ದು. ಹಕ್ಕಿಗಳು ನಮ್ಮ ಬಾಗಿಲಲ್ಲೇ ಬೀಡುಬಿಟ್ಟವು. ಒಬ್ಬ ಮುದುಕಿಯಂತೂ ಕೈಮುಗಿಯುವುದೊಂದು ಬಾಕಿ. “ಗಾಳಿ ಅನುಮಾನ ಬಂದ ದಿನಾ ಮುಂಜಾನೆ ಒಂದೀಟು ಬಾಗಲದಾಗ ನಿಂದರ್ರಿ. ನಮ್ಮ ಹುಡುಗರು ನಿಮ್ಮನ್ನ ನೋಡಿ ತಿರಗ್ತಾರ,” ಎಂದಳು. ನಿಮ್ಮ ಅಳಿಯಂದಿರು ನಕ್ಕು, “ಅನಿಷ್ಟದಿಂದ ಒಮ್ಮೆಲೆ ಬನಶಂಕರಿಗೆ ಬಡತಿ ಆತಲ್ಲ ನಿಂದು,” ಎಂದರು. ಆ ದಿನವೆಲ್ಲ ಅವರೊಡನೆ ನಾನು ಮಾತಾಡಲಿಲ್ಲ. ಮೊನ್ನೆ ಉಗುಳಿಸಿಕೊಂಡದ್ದೂ ಇದೇ ಮುಖ, ಇವತ್ತು ಮೀನು ಕಟ್ಟಿಸಿಕೊಂಡದ್ದೂ ಇದೇ ಮುಖ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೇಸಬೇಕೋ ನನಗೆ ತಿಳಿಯಲಿಲ್ಲ. ನೀವು ತಂದಿಟ್ಟ ಹಸಿರು ಸೀರೆಯ ನೆನಪೂ ಆಗ ಬಂತು. ಅದನ್ನು ಉಟ್ಟ ದಿನ ನನಗೆ ಆರತಿ ಮಾಡುವವರೇ, ನಾಳೆ ನನ್ನ ಹಣೆ ಬರಿದಾದರೆ ನನ್ನನ್ನೂ ಹುನಗುಂದಕ್ಕೆ ಕಳಿಸುತ್ತಾರೆ.

ಜೇಮಿಯನ್ನು ಹೂಳಿದ ಮೇಲೆ ಒಂದು ಮಧ್ಯಾಹ್ನ ಅವನ ಹೆಂಡತಿ ಎಲ್ಸಿ ಬಂದಳು. ನನಗಿಂತ ಚಿಕ್ಕವಳು, ಮಕ್ಕಳಿಲ್ಲ. ಕರಿ ಬಟ್ಟೆ, ಬೆರಳ ತುಂಬ ಗಾಳದ ಗಾಯ. ಒಳಗೆ ಕರೆದು ಕೂಡಿಸಿ ಚಹಾ ಕೊಟ್ಟೆ. ಕುಡಿಯಲಿಲ್ಲ. “ಒಂದು ಮಾತು ಕೇಳಬೇಕಿತ್ರಿ,” ಎಂದಳು. “ಅಲೆಕ್‌ನ ಎದುರಿಗಿ ಬಂದ್ರಿ. ನನ್ನ ಗಂಡನ ಎದುರಿಗಿ ಯಾಕ ಬರಲಿಲ್ಲ? ಅಂವ ನಿಮಗೇನು ಮಾಡಿದ್ದ?”

ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ಹಾದಿ ತಪ್ಪಿದವರು ವಿಳಾಸ ಕೇಳುವ ಹಾಗೆ ಕೇಳಿದಳು. “ನಾ ಹಾಲಿಗೆ ಹೋಗಿದ್ದೆ, ಎಲ್ಸಿ. ನನಗೇನೂ ಗೊತ್ತಿರಲಿಲ್ಲ,” ಎಂದೆ.

“ಹಾಲಿಗಿ,” ಎಂದಳು. ಕುಡಿಯದ ಚಹಾದ ಬಟ್ಟಲನ್ನು ಸರಿಸಿ, “ಹೌದಲ್ಲಾ. ಹಾಲಿಗಿ ಹೋದವರಿಗೆ ಏನು ಗೊತ್ತಿರ್ತದ,” ಎಂದಳು. ಆಮೇಲೆ ಅತ್ತಳು. ಅಳುತ್ತಲೇ ಹೇಳಿದಳು: ಆ ಬೆಳಗ್ಗೆ ಜೇಮಿ ಹೊರಟಾಗ ಅವನ ಉಣ್ಣೆಯ ಕೈಗವಸು ಮೇಜಿನ ಮೇಲೆಯೇ ಉಳಿದಿತ್ತು. ಇವಳು ನೋಡಿದಳು. ದೋಣಿಗೆ ಹೋಗುವವರನ್ನು ಹಿಂದಿನಿಂದ ಕರೆಯಬಾರದು, ಬಾಗಿಲಿಗೂ ಬರಬಾರದು. “ಕೆಡಕಾಗ್ತದ ಅಂತ ಬಾಯಿ ಮುಚ್ಕೊಂಡ ಕುಂತೆ. ಬರೇ ಕೈಲೆ ಹೋದ. ಹೋಗಿ ಬಾ ಅಂತನೂ ಅನ್ನಲಿಲ್ಲ ನಾ.” ಇಷ್ಟು ಹೇಳಿ ಎದ್ದು ಹೋದಳು. ಹೋಗುವಾಗ ಬಾಗಿಲ ಹಿಡಿಕೆಯ ಮೀನುಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಹುರಿ ಬಿಚ್ಚಿ ಅಷ್ಟನ್ನೂ ಹಕ್ಕಿಗಳಿಗೆ ಎಸೆದು, ಸೊಂಟಕ್ಕೆ ಕಟ್ಟಿಕೊಂಡ ಸೆರಗಿನಂಥ ಬಟ್ಟೆಯಿಂದ ಹಿಡಿಕೆ ಒರೆಸಿ ಹೋದಳು.

ಮರುದಿನ ದೋಣಿ ಹೊರಡುವ ಹೊತ್ತಿಗೆ ನಾನು ಪಾತ್ರೆ ಹಿಡಿದು ಹಾಲಿಗೆ ಹೊರಟೆ. ನಿಮ್ಮ ಅಳಿಯಂದಿರು, “ಹೊತ್ತಾದ ಮ್ಯಾಲೆ ಹೋದರಾಗದೇನು?” ಎಂದರು. ಆಗುವುದಿಲ್ಲ ಎಂದೆ. ಎಲ್ಸಿ ತನ್ನ ಹೊಸ್ತಿಲಲ್ಲಿದ್ದಳು. ಬಾಗಿಲು ಎಳೆದುಕೊಂಡು ನನ್ನ ಜೊತೆ ಬಂದಳು. ಎದುರು ಬಂದ ಗಂಡಸರು ನಮ್ಮಿಬ್ಬರನ್ನು ಕಂಡು ಗೋಡೆಗೆ ಅಂಟಿದರು. ಒಬ್ಬಳು ಪರದೇಶದ ಬಸುರಿ, ಇನ್ನೊಬ್ಬಳು ಮೊನ್ನೆ ಗಂಡ ಸತ್ತವಳು. ಆಕಾಶ ಸ್ವಚ್ಛವಿತ್ತು, ನೀರು ಎಣ್ಣೆಯ ಹಾಗೆ ನಿಂತಿತ್ತು, ಆದರೂ ದೋಣಿಗಳು ಹೋಗಲಿಲ್ಲ. ಮಧ್ಯಾಹ್ನ ಜೆಸ್ಸಿ ಬಂದು ಹರಿಹಾಯ್ದಳು. “ನಾವು ಕೊಟ್ಟ ಮೀನಿಂದಾದರೂ ನೆನಪಿರಬೇಕಿತ್ತು ನಿಮಗ,” ಎಂದಳು. “ಹಾಲು ದಿನಾ ಬೇಕು ಜೆಸ್ಸಿ, ದಿನಾ ಹೋಗ್ತೇನಿ. ತಿರಗೋದು ಬಿಡೋದು ಅವರಿಗೆ ಬಿಟ್ಟದ್ದು,” ಎಂದೆ. ಹಾಗೇ ಹೋದೆವು, ದಿನಾಲು. ಬಂದರಿನಲ್ಲಿ ನಮ್ಮನ್ನು ಕಂಡು ಹಲ್ಲು ಕಡಿದವರಿದ್ದರು. ದವಾಖಾನೆಯ ಹಿರಿಯ ಡಾಕ್ಟರು ನಿಮ್ಮ ಅಳಿಯಂದಿರಿಗೆ, ಹೆಂಡತಿಗೆ ಸ್ವಲ್ಪ ತಿಳಿಹೇಳಿ ಎಂದರಂತೆ. ಇವರು ಮನೆಗೆ ಬಂದು ಹಾಲಿನ ಪಾತ್ರೆಯನ್ನು ತಾವೇ ತೊಳೆದು ಬಾಗಿಲ ಹತ್ತಿರ ಇಟ್ಟರು. ತಿಳಿಹೇಳಿದ್ದು ಅಷ್ಟೇ.

ಕಡೆಗೆ ಗೆದ್ದದ್ದು ಹೊಟ್ಟೆ. ದಿನಾ ತಿರುಗಿದರೆ ಒಲೆ ಹತ್ತಬೇಕಲ್ಲ. ಮೊದಲು ಮುಖ ತಿರುಗಿಸಿಕೊಂಡು ಹೋದರು, ಹೋಗುವಾಗ ಗೇಟಿನ ಕಬ್ಬಿಣ ಮುಟ್ಟಿದರು. ಬುಟ್ಟಿ ತುಂಬ ಮೀನು ತಂದರು. ಮರುದಿನ ಮತ್ತೆ ಹೋದರು. ಮೊನ್ನೆ ಶುಕ್ರವಾರ ಅದೇ ಇಕ್ಕಟ್ಟಿನ ಹಾದಿಯಲ್ಲಿ ಅಲೆಕ್ ಎದುರಾದ. ಬುಟ್ಟಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು ನನಗೆ ದಾರಿ ಬಿಟ್ಟ. “ಕಲ್ಲು ಜಾರ್ತಾವ ಬಾಯಾರ, ನೋಡಿ ನಡೀರಿ,” ಎಂದ. ಎಲ್ಸಿಗೂ ಟೋಪಿ ಮುಟ್ಟಿದ. ಬುದ್ಧಿ ಬಂತೆಂದು ನಾನು ಹೇಳುವುದಿಲ್ಲ, ರೂಢಿಯಾಯಿತು, ಅಷ್ಟೇ. ಉಗುಳಿದ್ದಕ್ಕೆ ತಪ್ಪಾಯಿತು ಎನ್ನಲಿಲ್ಲ ಅವನು. ನನ್ನ ಹೇಸಿಗೆಯೂ ಪೂರಾ ಹೋಗಿಲ್ಲ. ಆದರೆ ಈಗ ಬಾಗಿಲಿಗೆ ಯಾರೂ ಮೀನು ಕಟ್ಟುವುದಿಲ್ಲ, ಅದೇ ದೊಡ್ಡ ಸಮಾಧಾನ. ಊರು ಮಾತ್ರ ಮೊದಲಿನ ಹಾಗೆಯೇ ನಾರುತ್ತಿದೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಅಪ್ಪಾ. ನೀವು ಇದನ್ನು ಸಿಟ್ಟೆಂದು ಓದದೆ ಮಗಳಿಗೆ ಬಸುರಿನ ಬೇಸರವೆಂದು ಓದಬಹುದು. ಹಾಗೆ ಓದಬೇಡಿ. ಜೋಳದ ಹಿಟ್ಟಿಗಾಗಿ, ನಿಮ್ಮ ಜೊತೆ ಕುಳಿತು ಉಣ್ಣುವುದಕ್ಕಾಗಿ ಜೀವ ಎಷ್ಟು ಹಂಬಲಿಸುತ್ತದೆ ಎಂದು ಬರೆದರೆ ಕಾಗದ ಒದ್ದೆಯಾಗುತ್ತದೆ. ಅತ್ತೆಗೆ ನನ್ನ ನಮಸ್ಕಾರ ಹೇಳಿ, ಹುನಗುಂದದ ಕಾಕಾನಿಗೂ ತಿಳಿಸಿ. ರಾತ್ರಿ ಉಬ್ಬಸ ಹೆಚ್ಚಾದರೆ ದಿಂಬು ಎತ್ತರ ಮಾಡಿಕೊಂಡು ಮಲಗಿ. ನಿಮ್ಮ ಆಶೀರ್ವಾದ ಸ್ವಲ್ಪ ನನಗೂ, ಉಳಿದದ್ದೆಲ್ಲ ಕೂಸಿಗೂ ಇರಲಿ.

ನಿಮ್ಮ ಮಗಳು,
ಕುಮುದಿನಿ

ತಾ. ಕ.: ಇದು ಸೋಮವಾರ ಮುಂಜಾನೆ. ಟಪಾಲಿನವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಹಡಗಿನ ಟಿಕೆಟ್ಟು ರದ್ದು ಮಾಡಿಸಿದೆ. ಕೂಸು ಇಲ್ಲೇ ಹುಟ್ಟುತ್ತದೆ. ಎಲ್ಸಿಯ ತಾಯಿ ಈ ಊರಿನ ಸೂಲಗಿತ್ತಿಯಾಗಿದ್ದಳು, ಎಲ್ಸಿ ಅವಳ ಕೈಯಲ್ಲೇ ಕಲಿತವಳು. ನನ್ನ ಬಾಣಂತನ ಅವಳು ಮಾಡುತ್ತಾಳೆ. ಕೂಸನ್ನು ಮೊದಲು ಎತ್ತಿಕೊಳ್ಳುವವಳೂ ಅವಳೇ. ಆದ್ದರಿಂದ ಅಕ್ಕನನ್ನು ಎಲ್ಲಿಗೂ ಕಳಿಸುವ ಕಾರಣ ಉಳಿಯಲಿಲ್ಲ. ಕೂಸನ್ನು ಎತ್ತಿಕೊಂಡು ಬಾಗಲಕೋಟೆಗೆ ಬರಲು ನನಗೂ ಆಸೆಯಿದೆ. ಆದರೆ ‘ಬಾ’ ಎಂದು ನೀವು ಬರೆದರೆ ಬರುವುದಿಲ್ಲ, ಅಕ್ಕ ಬರೆದರೆ ಬರುತ್ತೇನೆ. ಅವಳಿಗೆಲ್ಲಿ ಬರೆಯಲು ಬರುತ್ತದೆ ಎಂದು ನೀವು ಅಂದುಕೊಳ್ಳುತ್ತೀರಿ. ಬರುತ್ತದೆ. ಸಾಲಿಗೆ ಹೋಗುವ ಮೊದಲೇ ನನಗೆ ಅಕ್ಷರ ತಿದ್ದಿಸಿದವಳು ಅವಳು, ಬೀಸುವ ಕಲ್ಲಿನ ಸುತ್ತ ಚೆಲ್ಲಿದ ಹಿಟ್ಟಿನ ಮೇಲೆ, ಬೆರಳಿನಿಂದ. ನೀವು ಕೋರ್ಟಿಗೆ ಹೋಗಿರುತ್ತಿದ್ದಿರಿ.